ಬೆರಳು ಓದಿದ ಹಿಮ

"ಇದನ್ನು ನಾನು ಯಾರಿಗೂ ತೋರಿಸ್ಲಿಲ್ಲ ಸರ್," ಎಂದ ಲತೇಶ್. ಗರಗಸದ ಮೇಜಿನ ಕೆಳಗೆ ಮೊಣಕೈವರೆಗೂ ಕೈ ತೂರಿಸಿ, ಮಡಚಿಟ್ಟಿದ್ದ ಬಬಲ್ ರ್ಯಾಪಿನ ದೊಡ್ಡ ಹಾಳೆಯೊಂದನ್ನು ಹೊರಗೆಳೆದ. ಅದರ ಮೇಲೆ ಮರದ ಹುಡಿ ಕೂತಿತ್ತು.

ಕಾನ್ರಾಡ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡ. "ಬಟರ್ ಪೇಪರ್ ಹಾಕಿ ಕಟ್ಟಿದ್ದು ಅಂತ ಮೊನ್ನೆ ಬರೆದು ಕೊಟ್ಟಿದ್ದಿ ಅಲ್ವಾ?"

"ಸುಳ್ಳು ಸರ್."

"ಮತ್ತೆ ಎಂತ ಮಾಡಿದ್ದು?"

"ಬಟರ್ ಪೇಪರ್ ಖಾಲಿ ಆಗಿತ್ತು. ಸೀದಾ ಇದನ್ನೇ ಸುತ್ತಿದೆ. ಅದೂ ಗುಳ್ಳೆ ಒಳಗೆ ಮಾಡಿ. ಹದಿನಾಲ್ಕು ವರ್ಷದಿಂದ ಫ್ರಿಡ್ಜು, ಪಿಂಗಾಣಿ, ಟೀವಿ ಅಂತ ಕಟ್ಟಿ ಕಟ್ಟಿ ಕೈಗೆ ಅದೇ ಅಭ್ಯಾಸ. ಚಿತ್ರಕ್ಕೆ ಗುಳ್ಳೆ ಹೊರಗೆ ಬರ್ಬೇಕು ಅಂತ ಆಮೇಲೆ ನೆನಪಾಯ್ತು."

ಗುರುವಾರ ಸಂಜೆ ನಾಲ್ಕು ಗಂಟೆ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆ ಗೋದಾಮಿನಲ್ಲಿ ಎರಡು ದೊಡ್ಡ ಫ್ಯಾನುಗಳು ಬಿಸಿಗಾಳಿಯನ್ನೇ ಅತ್ತಿಂದಿತ್ತ ತಳ್ಳುತ್ತಿದ್ದವು. ಕಾನ್ರಾಡ್ ಮಾತ್ರ ಕೋಟು ಬಿಚ್ಚಿರಲಿಲ್ಲ. ಮೂವತ್ತು ವರ್ಷದಿಂದ ಇನ್ಶೂರೆನ್ಸ್ ಸರ್ವೇಯರ್ ಆಗಿ ಕೊಳೆತ ಈರುಳ್ಳಿ, ಒಡೆದ ಟೈಲ್ಸ್, ಸಮುದ್ರದ ನೀರು ಕುಡಿದ ಸಿಮೆಂಟು ಎಲ್ಲವನ್ನೂ ಅವನು ಕೋಟು ಹಾಕಿಕೊಂಡೇ ಪರೀಕ್ಷಿಸಿದವನು. ಮೂಲ್ಕಿಯಲ್ಲಿರುವ ಅವನ ಹೆಂಡತಿ ಬೆಟ್ಟಿಗೆ ಈ ಕೋಟಿನ ಮೇಲೆ ಬಹಳ ದಿನದ ಕೋಪ.

ಅಲ್ ಐನ್‌ನಿಂದ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿಗೆ ಮನೆ ಬದಲಿಸಿದ ಡಾಕ್ಟರ್ ಮಧುಮತಿಯವರ ಬೆಲೆಬಾಳುವ ಫಿನ್‌ಲ್ಯಾಂಡಿನ ಚಿತ್ರದ ಮೇಲೆ ದಾರಿಯಲ್ಲಿ ದುಂಡು ಗುಳಿಗಳು ಬಿದ್ದವೆಂದು ಶುರುವಾದ ತಕರಾರು, ಚಿತ್ರವನ್ನು ಪರೀಕ್ಷಿಸಿದ ತಜ್ಞೆ ನಫೀಸ "ಈ ಬಣ್ಣಕ್ಕೆ ಒಂದು ವರ್ಷವೂ ಆಗಿಲ್ಲ, ಇದು ನಕಲು" ಎಂದ ಮೇಲೆ ಕಳ್ಳತನದ ಮಾತಾಗಿ ತಿರುಗಿತ್ತು.

ಚಿತ್ರ ಒಂದು ರಾತ್ರಿ ಈ ಗೋದಾಮಿನಲ್ಲಿತ್ತು, ಕಾವಲಿಗಿದ್ದವನು ಲತೇಶ್ ಒಬ್ಬನೇ. ಸಾಗಣೆ ಕಂಪನಿಯ ಮ್ಯಾನೇಜರನಿಗೆ ಅಷ್ಟು ಸಾಕಾಗಿತ್ತು. ಪೊಲೀಸ್ ದೂರು ಬರೆದು ಸಿದ್ಧವಿತ್ತು, ಲತೇಶನ ಪಾಸ್‌ಪೋರ್ಟು ಮ್ಯಾನೇಜರನ ಡ್ರಾಯರಿನಲ್ಲಿತ್ತು. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಕಾನ್ರಾಡನ ವರದಿ ಬೇರೇನಾದರೂ ಹೇಳದಿದ್ದರೆ ದೂರು ಠಾಣೆಗೆ ಹೋಗುತ್ತಿತ್ತು. ಸುರತ್ಕಲ್ಲಿನಲ್ಲಿ ಲತೇಶನ ಹೆಂಡತಿಗೆ ದಿನ ತುಂಬಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲನೇ ಮಗು.

"ಇದನ್ನು ಯಾಕೆ ಅಡಗಿಸಿಟ್ಟಿದ್ದು?"

"ತಪ್ಪು ಕಟ್ಟಿದ್ದಕ್ಕೆ ಕೆಲಸ ಹೋಗ್ತದೆ ಅಂತ ಹೆದರಿದೆ ಸರ್. ಈಗ ಕೆಲಸ ಹೋದ್ರೆ ಹೋಗ್ಲಿ, ಕಳ್ಳ ಅಂತ ಆಗೋದು ಬೇಡ."

ಕಾನ್ರಾಡ್ ಹಾಳೆಯನ್ನು ನೆಲದ ಮೇಲೆ ಹರಡಿ, ಮಂಡಿಯೂರಿ, ಟಾರ್ಚನ್ನು ಪಕ್ಕದಿಂದ ಹಿಡಿದ. ಗುಳ್ಳೆಗಳ ನೆತ್ತಿಯ ಮೇಲೆ ಅಲ್ಲಲ್ಲಿ ಬಿಳಿ ಬಣ್ಣ ಹತ್ತಿಕೊಂಡಿತ್ತು, ಬೆಣ್ಣೆ ಮುಟ್ಟಿದ ಬೆರಳಿನಲ್ಲಿ ಉಳಿಯುವಷ್ಟೇ. ಒಂದು ಅಂಚಿನಲ್ಲಿ ಎರಡು ಪದರಗಳನ್ನು ಸೇರಿಸಿ ಅಂಟಿಸಿದ ಕಂದು ಟೇಪು, ಅದರ ಮೇಲೆ ಕಪ್ಪು ಶಾಯಿಯ ಹೆಬ್ಬೆಟ್ಟಿನ ಗುರುತು. ಅರ್ಧ ಟೇಪಿನ ಮೇಲೆ, ಅರ್ಧ ಪ್ಲಾಸ್ಟಿಕ್ಕಿನ ಮೇಲೆ.

"ಇದು ಯಾರದ್ದು?"

"ಡಾಕ್ಟ್ರ ಗಂಡಂದು. ಕಟ್ಟಿದ ಮೇಲೆ ಮನೆಯವರ ಸೈನ್ ತಗೊಳ್ಳೋದು ನಮ್ಮ ರೂಲ್. ಅವ್ರಿಗೆ ಕಣ್ಣು ಕಾಣೂದಿಲ್ಲ ಅಲ್ವಾ. ಸೈನ್ ಓರೆಕೋರೆ ಆಗ್ತದೆ, ನಾನೂ ಈಗ ಹೆಬ್ಬೆಟ್ಟಿನ ಮನುಷ್ಯನೇ ಅಂತ ನಗಾಡಿ ಅವ್ರೇ ಒತ್ತಿದ್ರು."

"ಬಿಚ್ಚಿದ್ದು ಯಾರು?"

"ರೀಮ್‌ನಲ್ಲಿ, ಅವ್ರ ಮಗ ಸೂರಜ್. ಈ ಕಡೆಯಿಂದ ಕತ್ತರಿ ಹಾಕಿದ್ದು. ಹಾಳೆ ಇನ್ನೊಂದು ಸಲಕ್ಕೆ ಆಗ್ತದಲ್ಲಾ ಅಂತ ನಾನು ಮಡಚಿ ತಂದೆ."

ಕಾನ್ರಾಡ್ ಟೇಪಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿದ. ಕೂದಲೆಳೆಯಷ್ಟು ಎದ್ದಿತೋ ಇಲ್ಲವೋ, ಶಾಯಿಯ ಗೆರೆ ಹರಿಯಿತು. ಒಮ್ಮೆ ಕಿತ್ತರೆ ಆ ಹೆಬ್ಬೆಟ್ಟನ್ನು ಮತ್ತೆ ಕೂಡಿಸಲು ಯಾರಿಂದಲೂ ಸಾಧ್ಯವಿಲ್ಲ. ಅಂದರೆ ಅಲ್ ಐನ್‌ನಲ್ಲಿ ಕಟ್ಟಿದ್ದು ರೀಮ್‌ನಲ್ಲೇ ಬಿಚ್ಚಿದ್ದು, ನಡುವೆ ಯಾರೂ ಕೈ ಹಾಕಿಲ್ಲ.

ಅವನು ಎದ್ದು, ಮಂಡಿಯ ಧೂಳು ಕೊಡವಿ, ನಫೀಸಳಿಗೆ ಫೋನ್ ಮಾಡಿದ. ಭಟ್ಕಳದ ಆ ಹೆಣ್ಣುಮಗಳು ಅಬುಧಾಬಿಯಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವಳು.

"ಅರವತ್ತು ವರ್ಷದ ಎಣ್ಣೆಬಣ್ಣ ಲಾರಿಯ ಶೆಖೆಗೆ ಮೆತ್ತಗಾಗಿ ಗುಳ್ಳೆಯ ಅಚ್ಚು ತಗೊಳ್ತದಾ ನಫೀಸ?"

"ಹೋಗಿ ಅಂಕಲ್. ಅದು ಅಷ್ಟರಲ್ಲಿ ಕಲ್ಲಾಗಿರ್ತದೆ. ಹೊಸ ದಪ್ಪ ಬಣ್ಣ ಆದ್ರೆ ಹೌದು. ಮೇಲೆ ಕೆನೆ ಕಟ್ಟಿ ಒಣಗಿದ ಹಾಗೆ ಕಾಣ್ತದೆ, ಒಳಗೆ ವರ್ಷಗಟ್ಟಲೆ ಹಸಿ ಇರ್ತದೆ."

ಫೋನಿಟ್ಟ ಕಾನ್ರಾಡ್, ಮರದ ಪೆಟ್ಟಿಗೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದ ಲತೇಶನನ್ನು ನೋಡಿದ. ನಿಜಕ್ಕೂ ಸಂತೋಷವಾಗಿತ್ತು ಅವನಿಗೆ. "ಬಟರ್ ಪೇಪರ್ ಹಾಕಿ ನೀಟಾಗಿ ಕಟ್ಟಿದ್ದಿದ್ರೆ ನೀನು ಸೀದಾ ಒಳಗೆ ಹೋಗ್ತಿದ್ದಿ ಮಾರಾಯ. ನಿನ್ನ ತಪ್ಪೇ ನಿನ್ನನ್ನು ಬಚಾವ್ ಮಾಡಿತು. ನೀನು ಕಟ್ಟುವಾಗ್ಲೇ ಅಲ್ಲಿದ್ದದ್ದು ನಕಲು."

ಲತೇಶ್ ಮುಖ ಒರೆಸಿಕೊಂಡ. "ಅಷ್ಟು ಸಾಕಾ ಸರ್?"

"ಸಾಲ್ದು. ಗೋಡೆಯ ಮೇಲಿದ್ದದ್ದೇ ನಕಲು ಅಂತ ಆ ಮನೆಯವರು ಒಬ್ರು ಹೇಳ್ಬೇಕು."

ಯಾರು ಹೇಳಬಹುದೆಂದು ಕಾನ್ರಾಡನಿಗೆ ಆಗಲೇ ಹೊಳೆದಿತ್ತು. ಆ ಮನೆಯಲ್ಲಿ ಆ ಚಿತ್ರವನ್ನು ದಿನವೂ ತಪ್ಪದೆ ನೋಡುತ್ತಿದ್ದವರು ಒಬ್ಬರೇ, ಅವರಿಗೆ ಕಣ್ಣಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ರೀಮ್ ಐಲ್ಯಾಂಡಿನ ಮೂವತ್ತೊಂದನೇ ಮಹಡಿಯ ಬಾಗಿಲು ತೆರೆದವರು ರೇವಣಸಿದ್ದಪ್ಪನವರೇ. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಾಗಲಕೋಟೆಯವರು, ಕಾಗದ ಕಾರ್ಖಾನೆಯ ಎಂಜಿನಿಯರು, ಗ್ಲಾಕೋಮಾ ಬಂದು ಕಣ್ಣು ಹೋಗಿ ಎಂಟು ವರ್ಷ.

"ಬರ್ರಿ ಸರ್ವೇಯರ್ ಸಾಹೇಬ್ರ. ಸೂರಜ ಆಫೀಸಿಗೆ ಹೋಗ್ಯಾನ, ಅಕಿ ಆಸ್ಪತ್ರಿಯಿಂದ ಹನ್ನೊಂದರ ಸುಮಾರಿಗೆ ಬರತಾಳ. ಚಾ ಕುಡೀರಿ."

ಫ್ಲಾಸ್ಕಿನಿಂದ ಅವರೇ ಚಹಾ ಬಗ್ಗಿಸಿದರು. ಕಪ್ಪಿನ ಅಂಚಿಗೆ ತೋರುಬೆರಳು ಇಳಿಬಿಟ್ಟು, ಬಿಸಿ ಬೆರಳಿಗೆ ತಾಗಿದೊಡನೆ ನಿಲ್ಲಿಸಿದರು. ಒಂದು ಹನಿ ಚೆಲ್ಲಲಿಲ್ಲ. ಕಣ್ಣಿದ್ದೂ ಕೋಟಿನ ಮೇಲೆ ಚಹಾ ಚೆಲ್ಲಿಕೊಳ್ಳುವ ಕಾನ್ರಾಡ್ ಅದನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡಿದ.

ಚಿತ್ರ ಗೋಡೆಗೆ ಒರಗಿತ್ತು. ಮೇಲೆ ಮೊಳೆ ಹೊಡೆದು ಸಿದ್ಧವಾಗಿತ್ತು. ಅಲ್ ಐನ್‌ನಲ್ಲಿದ್ದಷ್ಟೇ ಎತ್ತರಕ್ಕೆ ಹೊಡೆಯಬೇಕೆಂದು ಅಪ್ಪ ಹಟ ಹಿಡಿದು, ಮಗ ಟೇಪು ಹಿಡಿದು ಅಳೆದಿದ್ದನಂತೆ.

"ಸರ್, ಒಂದ್ಸಲ ಅದನ್ನು ಮೊಳೆಗೆ ಸಿಕ್ಕಿಸ್ಲಾ?"

"ಸಿಕ್ಕಸ್ರಿ. ನಾನೂ ನಾಕು ದಿನದಿಂದ ಅದನ್ನ ಮಾತಾಡಿಸಿಲ್ಲ."

ಕಾನ್ರಾಡ್ ಪರದೆ ಎಳೆದು, ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟ. ನೇರ ಬೆಳಕಿನಲ್ಲಿ ಬರೀ ಬಿಳಿಯಾಗಿದ್ದದ್ದು ಈಗ ಎದ್ದು ಕುಳಿತಿತು. ಹೆಪ್ಪುಗಟ್ಟಿದ ಸರೋವರ, ದಂಡೆಯಲ್ಲಿ ಕೆಂಪು ದೋಣಿಮನೆ, ಬಿಳಿ ತೊಗಟೆಯ ಮರಗಳು. ಹಿಮವನ್ನು ಕುಂಚದಿಂದ ಬಳಿದಿರಲಿಲ್ಲ, ಚೂರಿಯಿಂದ ಮೆತ್ತಿದ್ದರು. ಒಂದೊಂದು ಮೆತ್ತಿಗೂ ಏಣು, ಏಣಿನ ಹಿಂದೆ ನೆರಳು. ಅದರ ಮೇಲೆಲ್ಲ ಲತೇಶನ ಗುಳ್ಳೆಗಳ ಗುಳಿಗಳು ಸಾಲಾಗಿ ಕೂತಿದ್ದವು.

ಆದರೆ ಮೇಲಿನ ಮೂರನೇ ಒಂದು ಭಾಗದಲ್ಲಿ ಬೆಳಕು ಸುಮ್ಮನೆ ಜಾರಿಹೋಯಿತು. ಅಲ್ಲಿ ಆಕಾಶವಿತ್ತು, ಮರಗಳ ತುದಿಗಳಿದ್ದವು, ಬಣ್ಣವೂ ಒಪ್ಪುವಂತಿತ್ತು. ದಪ್ಪ ಮಾತ್ರ ಇರಲಿಲ್ಲ. ಸುಣ್ಣ ಹೊಡೆದ ಗೋಡೆಯಂತೆ ಚಪ್ಪಟೆ. ಒಂದೇ ಮರ ಕೆಳಗೆ ಉಬ್ಬಿಕೊಂಡು ನಿಂತು, ಒಂದು ಗೆರೆಯಾಚೆ ಸಪಾಟಾಗಿಬಿಟ್ಟಿತ್ತು.

"ದಿನಾ ಹೇಗೆ ನೋಡ್ತೀರಿ, ಒಮ್ಮೆ ತೋರಿಸ್ತೀರಾ?"

ರೇವಣಸಿದ್ದಪ್ಪನವರು ಎದ್ದು ಬಂದು ಎರಡೂ ಅಂಗೈ ಚಾಚಿದರು. "ಇಲ್ಲಿ ದಂಡಿ. ಇದು ದೋಣಿಮನಿ, ಇದರ ಮಾಳಗಿ. ಇಲ್ಲಿ ಹಿಮ ಗಟ್ಟಿ, ಇಲ್ಲಿ ಕರಗಾಕ ಹತ್ತೇತಿ. ನಾ ಅಲ್ಲೆ ಮೂರು ವರ್ಷ ಇದ್ದೆ. ಮನಿ ಬಾಡಿಗಿ ಕೊಟ್ಟ ಮುದುಕಿ ನಾ ಬರೂಮುಂದ ಇದನ್ನ ಕೊಟ್ಟಳು. ಬರದಾಕಿ ಹೆಲ್ವಿ ರಾಂತಾಲಾ ಅಂತ, ಆ ಮುದುಕಿಯ ಅಕ್ಕ. ಕಣ್ಣಿದ್ದಾಗ ನಾ ಇದನ್ನ ಸರಿಯಾಗಿ ನೋಡಲೇ ಇಲ್ಲ ನೋಡ್ರಿ. ಕಣ್ಣು ಹೋದ ಮ್ಯಾಲ ಓದಾಕ ಕಲತೆ."

ಬೆರಳುಗಳು ಮರದ ಕಾಂಡದ ಜೊತೆ ಮೇಲೆ ಹೋದವು. ಭುಜದ ಮಟ್ಟಕ್ಕೆ ಬಂದು ನಿಂತವು.

"ಇನ್ನೂ ಮೇಲೆ?"

"ಭುಜ ಹಿಡಕೊಂಡೈತ್ರಿ ಎರಡು ವರ್ಷಾತು. ಇದರ ಮ್ಯಾಲ ಕೈ ಏಳೂದುಲ್ಲ."

ಅವರ ಬೆರಳು ನಿಂತ ಕಡೆಗೆ ಕಾನ್ರಾಡ್ ಟಾರ್ಚು ಹಿಡಿದ. ದಪ್ಪ ಬಣ್ಣ ಮುಗಿದು ಚಪ್ಪಟೆ ಬಣ್ಣ ಶುರುವಾಗುವ ಗೆರೆ ಅಲ್ಲೇ ಇತ್ತು. ಎರಡು ಬೆರಳು ಆಚೆಯೂ ಇಲ್ಲ, ಈಚೆಯೂ ಇಲ್ಲ. ಈ ನಕಲನ್ನು ಕಣ್ಣಿಗಾಗಿ ಮಾಡಿರಲಿಲ್ಲ. ಈ ಕೈಗಳಿಗಾಗಿ ಮಾಡಿದ್ದರು.

ಅವನು ಚಹಾದ ಕಪ್ಪನ್ನು ಕೆಳಗಿಟ್ಟ.

"ಸರ್, ಇದು ಬೇರೆ ಚಿತ್ರ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ರೇವಣಸಿದ್ದಪ್ಪನವರು ಕೈ ಕೆಳಗಿಳಿಸಿದರು. "ನನಗ ಗೊತ್ತೈತಿ ಅಂತ ಯಾರ್ ಹೇಳಿದ್ರು?"

"ಎಂಟು ವರ್ಷ ಬೆರಳಲ್ಲಿ ಓದಿದವರಿಗೆ ಗೊತ್ತಾಗ್ಲಿಲ್ಲ ಅಂದ್ರೆ ನಾನು ನಂಬೂದಿಲ್ಲ."

"ನಂಬಬ್ಯಾಡ್ರಿ."

"ಹನ್ನೆರಡು ಗಂಟೆಗೆ ಒಬ್ಬ ಮನುಷ್ಯನನ್ನು ಪೊಲೀಸಿಗೆ ಕೊಡ್ತಾರೆ. ನಿಮ್ಮ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದವ. ಊರಲ್ಲಿ ಹೆಂಡತಿಗೆ ಇವತ್ತೋ ನಾಳೆಯೋ ಹೆರಿಗೆ."

ಮುದುಕರು ಸೋಫಾದ ಕೈ ಹುಡುಕಿ ಕೂತರು. ಕಾನ್ರಾಡ್ ಕಾದ. ಮೂವತ್ತು ವರ್ಷದಲ್ಲಿ ಅವನು ಕಲಿತಿದ್ದ ಒಂದೇ ವಿದ್ಯೆಯೆಂದರೆ ಎದುರಿನವರು ಬಾಯಿ ಬಿಡುವ ತನಕ ತಾನು ಬಾಯಿ ಮುಚ್ಚಿಕೊಂಡಿರುವುದು.

"ಶಿವರಾತ್ರಿ ಆದ ಮರುದಿನ," ಎಂದರು ಕೊನೆಗೆ. "ಲಿಂಗಪೂಜಿ ಮುಗಿಸಿ ಹೋಗಿ ಕೈ ಇಟ್ಟೆ. ಅಗಸಿ ಎಣ್ಣಿ, ಬಣ್ಣಕ್ಕ ಕಲಸತಾರಲ್ಲ, ಅದರ ವಾಸನಿ ಬಂತು. ನಮ್ಮ ಮನ್ಯಾಗ ಅಗಸಿ ಹಿಂಡಿ ಕುಟ್ಟಿದಾಗ ಬರತೈತಲ್ಲ, ಹಂಗ. ಹಳೇ ಚಿತ್ರಕ್ಕ ವಾಸನಿ ಇರಲಿಲ್ಲ. ಒತ್ತಿ ನೋಡಿದೆ. ಮ್ಯಾಲ ಒಣಗೇತಿ, ಒಳಗ ಮೆತ್ತಗ. ಹೋಳಗ್ಯಾಗ ಹೂರಣ ಇದ್ದಂಗ. ದೋಣಿಮನಿ ಮಾಳಗಿ ಮ್ಯಾಲ ಹೆಲ್ವಿಯ ಕುಂಚದ ಒಂದು ಕೂದಲ ಸಿಕ್ಕೊಂಡಿತ್ತು, ಅದು ಇರಲಿಲ್ಲ."

"ಐದು ತಿಂಗಳು ಯಾರಿಗೂ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ? ಮಾಡಿದಾಕಿ ನನ್ನ ಹೆಂಡತಿ."

ಕಾನ್ರಾಡ್ ಟಾರ್ಚು ಆರಿಸಿದ.

"ಚಿತ್ರ ಬಿದ್ದೋ ಏನೋ ಹಾಳಾಗಿರಬೇಕು. ನಾ ಎದಿ ಒಡಕೊತೀನಂತ ಅಕಿ ಗುಟ್ಟಾಗಿ ಹೊಸಾದು ಮಾಡ್ಯಾಳ. ನನ್ನ ಬೆರಳು ಎಲ್ಲಿ ಹೋಗತಾವ, ಎಲ್ಲಿ ನಿಂದರತಾವ, ಅಷ್ಟೂ ನೋಡಿ ಮಾಡ್ಯಾಳ. ಶಿವರಾತ್ರಿಗೆ ಮುಂಚೆ ಹದಿನೈದು ದಿನ, ನಾ ಚಿತ್ರದ ಮ್ಯಾಲ ಕೈ ಆಡಸೂಮುಂದ ನನ್ನ ಹಿಂದ ಬಂದು ನಿಂದರತಿದ್ದಳು. ಉಸಿರು ಕೇಳತಿತ್ತು. ಮಾತಾಡಿಸಿದ್ರ ನಾಚಿಕೊಂಡು ಓಡತಾಳಂತ ನಾನೂ ಸುಮ್ಮನಿದ್ದೆ. ಡ್ಯೂಟಿ, ಆಪರೇಷನ್ನು ಅಂತ ಅಕಿಗೆ ನನ್ನ ಕೂಡ ಕೂಡಾಕ ಎಂದೂ ವ್ಯಾಳೇ ಸಿಗಲಿಲ್ಲ ಸಾಹೇಬ್ರ. ಮೂವತ್ತಾರು ವರ್ಷದಾಗ ಅಕಿ ನನ್ನ ಹಂಗ ನೋಡಿದ್ದು ಅದ ಮೊದಲು ಅಂತ ನನಗ ಭಾಳ ಸಂತೋಷ ಆಗಿತ್ತು. ಅದನ್ನ ಪೊಲೀಸರ ಕಾಗದದಾಗ ಬರಸೂದು ಹೆಂಗ್ರಿ?"

ಕಾನ್ರಾಡನಿಗೆ ಬೆಟ್ಟಿಯ ನೆನಪಾಯಿತು, ಅದನ್ನು ಬದಿಗಿಟ್ಟ. "ಹೆಂಡತಿ ಗಂಡನಿಗೆ ಚಿತ್ರ ಮಾಡಿ ಕೊಟ್ರೆ ಅದು ಕಳ್ಳತನ ಅಲ್ಲ ಸರ್. ಅಷ್ಟು ಹೇಳಿದ್ರೆ ಖಲಾಸ್. ಅವನೂ ಉಳೀತಾನೆ."

"ಅಕಿ ಬರ್ಲಿ. ಅಕಿನ್ನ ಕೇಳದ ನಾ ಹೇಳಾವಲ್ಲ."

ಹನ್ನೊಂದೂ ಇಪ್ಪತ್ತಕ್ಕೆ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದಾಯಿತು. ಡಾಕ್ಟರ್ ಮಧುಮತಿ ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯೆ. ಒಳಗೆ ಬಂದವರು ಎಳೆದ ಪರದೆ, ಗೋಡೆಯ ಮೇಲಿನ ಚಿತ್ರ, ಗಂಡನ ಮುಖ ಮೂರನ್ನೂ ನೋಡಿ ಬ್ಯಾಗನ್ನು ನಿಧಾನಕ್ಕೆ ಕೆಳಗಿಟ್ಟರು.

"ಮಧು, ಬಾ ಇಲ್ಲಿ," ಎಂದರು ರೇವಣಸಿದ್ದಪ್ಪ. "ನನಗ ಶಿವರಾತ್ರಿಯಿಂದ ಗೊತ್ತೈತಿ. ನೀ ಮಾಡಿದ್ದು ಅಂತ. ಭಾಳ ಚಂದ ಮಾಡೀದಿ."

"ಏನು ಮಾಡೀನಿ?"

"ಈ ಚಿತ್ರ."

ಮಧುಮತಿ ಗಂಡನ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು. "ನಾನು ಯಾವ ಚಿತ್ರಾನೂ ಮಾಡಿಲ್ರಿ. ನನಗ ರಂಗೋಲಿ ಹಾಕಾಕೂ ಬರೂದುಲ್ಲ, ನಿಮಗ ಗೊತ್ತೈತಿ. ಅದು ಬದಲಾಗೇತಿ ಅಂತ ಆ ನಫೀಸ ಹೇಳೂತನಕ ನನಗ ತಿಳದ ಇರಲಿಲ್ಲ."

"ದಿನಾ ಮುಂಜಾನೆ ಬಂದು ನನ್ನ ಹಿಂದ ನಿಂದರತಿದ್ದಿಯಲ್ಲ."

"ಇಲ್ಲ. ನೀವು ಇದನ್ನ ಮುಟ್ಟಿ ನೋಡೂದನ್ನ ನಾನು ಒಂದು ದಿನಾನೂ ನೋಡಿಲ್ರಿ."

ರೇವಣಸಿದ್ದಪ್ಪನವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೆಂಡತಿಯ ಕೈಯೊಳಗಿದ್ದ ತಮ್ಮ ಕೈಯನ್ನು ಮಾತ್ರ ಮೆಲ್ಲಗೆ ಬಿಡಿಸಿಕೊಂಡರು. ಕಾನ್ರಾಡ್ ಕಿಟಕಿಯ ಕಡೆ ತಿರುಗಿ ನಿಂತ.

"ಸಾಹೇಬ್ರ," ಎಂದರು ರೇವಣಸಿದ್ದಪ್ಪ, "ನಿಮ್ಮ ಫೋನಿನ್ಯಾಗ ನನ್ನ ಮಾತು ಹಿಡಕೋರಿ. ಯಾರನ್ನೂ ಉಳಸೂದೇನೂ ಇಲ್ಲ ಇನ್ನ."

ಎರಡು ನಿಮಿಷದ ಹೇಳಿಕೆ. ಶಿವರಾತ್ರಿಯ ಮರುದಿನದಿಂದ ತಮ್ಮ ಅಲ್ ಐನ್ ಮನೆಯ ಗೋಡೆಯ ಮೇಲಿದ್ದದ್ದು ನಕಲು, ಸಾಮಾನು ಕಟ್ಟಿದ ದಿನ ತಾವು ಹೆಬ್ಬೆಟ್ಟು ಒತ್ತಿದ್ದು ಅದೇ ನಕಲಿನ ಕಟ್ಟಿನ ಮೇಲೆ, ದಾರಿಯಲ್ಲಿ ಯಾರೂ ಏನೂ ಬದಲಿಸಿಲ್ಲ. ಕಾನ್ರಾಡ್ ಆ ಹೇಳಿಕೆಯ ಜೊತೆ ಹಾಳೆಯ, ಟೇಪಿನ, ಗುಳಿಗಳ ಫೋಟೋ ಸೇರಿಸಿ, ಸಾಗಣೆಯವರ ತಪ್ಪಿಲ್ಲವೆಂದು ಮೂರು ಸಾಲು ಬರೆದು, ಹನ್ನೊಂದೂ ಮುಕ್ಕಾಲಿಗೆ ಮ್ಯಾನೇಜರನಿಗೆ ಕಳುಹಿಸಿದ. ಆಮೇಲೆ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಲತೇಶನ ಮೆಸೇಜು ಬಂತು. 'ಪಾಸ್‌ಪೋರ್ಟ್ ಕೈಗೆ ಕೊಟ್ರು ಸರ್. ಮೂರೂವರೆ ಫ್ಲೈಟಿಗೆ ಸೀಟು ಸಿಕ್ಕಿತು. ನಿಮ್ಮ ಉಪಕಾರ ಮರೆಯೂದಿಲ್ಲ.' ಕಾನ್ರಾಡ್ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಮುದುಕರು ತಲೆಯಾಡಿಸಿದರು, ಆದರೆ ಅವರ ಲಕ್ಷ್ಯ ಬೇರೆ ಕಡೆಗಿತ್ತು.

"ಹಂಗಾದ್ರ ನನ್ನ ಬೆನ್ನ ಹಿಂದ ಉಸಿರಾಡತಿದ್ದವರು ಯಾರು? ನೀ ಆರರ ಮ್ಯಾಲಲ್ಲ ಮನಿ ಬಿಡೂದು?"

"ಜನವರಿಯಿಂದ ಐದೂವರಿಗೆ ಡ್ಯೂಟಿ ಆಗಿತ್ತು," ಎಂದರು ಮಧುಮತಿ. "ನೀವು ಪೂಜಿಗೆ ಕೂತಾಗ ಮಾತಾಡಿಸಬಾರದಂತ ಸದ್ದಿಲ್ಲದ ಹೋಗತಿದ್ದೆ. ಸೂರಜ ಆಗ ಇಲ್ಲೆ ಅಬುಧಾಬ್ಯಾಗ ಇರತಿದ್ದ, ಬ್ಯಾರೆ ಯಾರೂ ಬರಾಕ ಸಾಧ್ಯಾನ ಇರಲಿಲ್ರಿ. ನಾ..." ಮಾತು ತೊಡರಿತು. "ನಾ ಹೊರಗಿನಿಂದ ಕೀಲಿ ಹಾಕ್ಕೊಂಡು ಹೋಗತಿದ್ದೆ. ನೀವೊಬ್ಬರ ಬಾಗಲಾ ತಗದು ಎಲ್ಲಿ ಹೋಗತೀರೋ ಅಂತ ಅಂಜಿಕಿ."

"ನನ್ನ ಒಳಗ ಹಾಕಿ ಕೀಲಿ ಹಾಕತಿದ್ದಿ," ಎಂದರು ರೇವಣಸಿದ್ದಪ್ಪ. ಅದು ಪ್ರಶ್ನೆಯಾಗಿರಲಿಲ್ಲ.

ಮಧುಮತಿ ಅಳುತ್ತಿದ್ದರು. ಕಾನ್ರಾಡನಿಗೆ ಎದ್ದು ಹೋಗಿಬಿಡಬೇಕೆನಿಸಿತು. ಆದರೂ ಒಂದು ಮಾತು ಕೇಳದೆ ಹೋಗುವಂತಿರಲಿಲ್ಲ.

"ಡಾಕ್ಟ್ರೆ, ಆ ಬೀಗಕ್ಕೆ ಇನ್ನೊಂದು ಕೀಲಿಕೈ ಇತ್ತಾ?"

"ಇತ್ತು. ಆ ಹದಿನೈದು ದಿನ ಪುಸ್ತಕದ ಕಪಾಟು ಮಾಡಾಕ ಬಡಿಗ್ಯಾ ಬರತಿದ್ದ, ಒಂಬತ್ತಕ್ಕ. ಹೊರಗ ಕೀಲಿ ಹಾಕಿರತಿತ್ತಲ್ಲ, ಅದಕ್ಕ ಅದನ್ನ ಅವನ ಕೈಯಾಗ ಕೊಟ್ಟಿದ್ದೆ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯೆತ್ತಿದರು. "ಛಲೋ ಮನಷಾ. ಅದಕ್ಕ ಸಾಮಾನು ಕಟ್ಟಾಕೂ ಅವನ್ನ ಕರದ್ವಿ. ಈಗ ನೀವು ಮೆಸೇಜು ಓದಿದ್ರಲ್ಲ, ಅವನ. ಲತೇಶ."